ಒಡೆಯ ಸಾಕೆನ್ನುವವರೆಗೆ

ಯಂತ್ರ ಶುರುವಾಗುತ್ತಲೇ ಲೋಹಿತನ ಸೊಂಟದ ಮೂಳೆ ಮುರಿಯಿತು. ನಿಜವಾಗಿ ಮುರಿಯಲಿಲ್ಲ, ಆದರೆ ಹಾಗೆಂದು ಅವನ ನರಗಳಿಗೆ ಹೇಳುವವರು ಯಾರು? ಕುರ್ಚಿಗೆ ಬಿಗಿದಿದ್ದ ಅವನ ಮೈ ಬಿಲ್ಲಿನಂತೆ ಬಾಗಿ ಮೇಲೆದ್ದಿತು. ನಾಲಗೆ ಕಚ್ಚಿಕೊಂಡು ಗಲ್ಲದ ಮೇಲೆ ರಕ್ತ ಇಳಿಯಿತು. ಗಂಟಲಿನಿಂದ ಹೊರಟ ಕೂಗು ಮನುಷ್ಯನದೆಂದು ನಂಬುವುದು ಕಷ್ಟವಾಗಿತ್ತು.

ಎದುರಿನ ಬೆಂಚಿನ ಮೇಲೆ ಕುಳಿತ ಪೈಲ್ವಾನ್ ಜವರಪ್ಪ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಮುರಿದು ಮುದ್ದೆಯಾದ ಕಿವಿ, ಮಂಡಿಯ ಮೇಲೆ ಊರಿದ ಎರಡು ದಪ್ಪ ಕೈ. ಮೈಸೂರಿನ ಹಳೆಯ ಬೀದಿಯೊಂದರ ಗರಡಿಮನೆಗೆ ಅವರೇ ಉಸ್ತಾದರು. ಲೋಹಿತನ ಗಾಡಿಗೆ ಸಿಕ್ಕಿ ಸತ್ತದ್ದು ಅವರ ನಾಯಿ. ಆ ನಾಯಿಯ ಸಾವನ್ನೇ ಈಗ ಯಂತ್ರ ಲೋಹಿತನ ಮೈಯೊಳಗೆ ಮತ್ತೆ ನಡೆಸುತ್ತಿತ್ತು.

ಇದು ಮರುನೋವು ಯಂತ್ರ. ಅದು ಬರುವ ಮೊದಲು ಮನೆಗಳ ಬೀದಿಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಗುದ್ದಿ ಕೊಂದವನು ಒಂದಿಷ್ಟು ದಂಡ ಕಟ್ಟಿ, ಚಕ್ರ ತೊಳೆದುಕೊಂಡು ಮನೆಗೆ ಹೋಗುತ್ತಿದ್ದ. ಕಾನೂನಿನ ಕಣ್ಣಿಗೆ ನಾಯಿಯೂ ಒಂದೇ, ಮುರಿದ ಗೇಟೂ ಒಂದೇ. ಹೊಸ ಕಾಯ್ದೆ ಬಂದ ಮೇಲೆ ಸಾಕುಪ್ರಾಣಿಗಳ ಕೊರಳಿಗೆ ನರಗ್ರಾಹಿ ಎಂಬ ಪಟ್ಟಿ ಕಡ್ಡಾಯವಾಯಿತು. ಪ್ರಾಣಿಗೆ ಪೆಟ್ಟು ಬಿದ್ದಾಗ ಬೆನ್ನುಹುರಿಯಲ್ಲಿ ಹರಿಯುವ ಪ್ರತಿಯೊಂದು ಸಂಜ್ಞೆಯನ್ನೂ ಅದು ಹಿಡಿದಿಡುತ್ತದೆ. ಅಪರಾಧ ಸಾಬೀತಾದರೆ ಆ ನರಮುದ್ರೆಯನ್ನು ತಂತಿಯಿಲ್ಲದ ಒಂದು ಟೋಪಿಯ ಮೂಲಕ ಚಾಲಕನ ಮಿದುಳಿಗೆ ಊಡಿಸುತ್ತಾರೆ. ಹೆಚ್ಚೆಂದರೆ ಮೂರು ಸಲ. ಅಷ್ಟರೊಳಗೆ ಪ್ರಾಣಿಯ ಒಡೆಯ ಯಾವಾಗ ಬೇಕಾದರೂ ‘ಸಾಕು’ ಅನ್ನಬಹುದು. ಅಂದ ತಕ್ಷಣ ಯಂತ್ರ ನಿಲ್ಲುತ್ತದೆ. ಕ್ಷಮಿಸುವ ಹಕ್ಕು ನ್ಯಾಯಾಧೀಶನಿಗಲ್ಲ, ನೊಂದವನಿಗೆ ಎಂದು ಕಾಯ್ದೆ ಬರೆದವರು ಹೆಮ್ಮೆಯಿಂದ ಹೇಳಿಕೊಂಡಿದ್ದರು. ನೊಂದವನ ಕೈಗೆ ದೊಣ್ಣೆ ಕೊಟ್ಟು ಕ್ಷಮಿಸಪ್ಪಾ ಎಂದರೆ ಎಷ್ಟು ಮಂದಿ ಕ್ಷಮಿಸಿಯಾರು ಎಂಬುದನ್ನು ಮಾತ್ರ ಅವರು ಯೋಚಿಸಿದಂತಿರಲಿಲ್ಲ.

ಯಂತ್ರವನ್ನು ರೂಪಿಸಿದ ನರವಿಜ್ಞಾನಿ ಡಾಕ್ಟರ್ ಇಂದುಮತಿ, ಶುರುಮಾಡುವ ಮೊದಲು ಜವರಪ್ಪನವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದರು.

“ನೋವು ಪೂರಾ ಬತ್ತದಾ, ಡಾಕ್ಟ್ರಮ್ಮ? ಇಲ್ಲಾ ಸುಮ್ನೆ ಚುರುಕ್ ಅನ್ಸಿ ಬಿಟ್ಬುಡ್ತೀರಾ?” ಎಂದು ಜವರಪ್ಪ ಕೇಳಿದ್ದರು.

“ಪೂರ್ತಿ ಬರುತ್ತೆ ಪೈಲ್ವಾನ್ರೇ. ಆ ಹೊತ್ತಿಗೆ ನಾಯಿ ಏನು ನೋಡ್ತು, ಏನು ಕೇಳಿಸ್ಕೊಳ್ತು, ಎಲ್ಲಾನೂ ಕೊರಳಪಟ್ಟಿಯಲ್ಲಿರುತ್ತೆ. ನಾವು ಅದನ್ನ ಶೋಧಿಸಿ ನೋವನ್ನ ಮಾತ್ರ ಕೊಡ್ತೀವಿ.”

“ಅಕ್ಕೀಲಿ ಕಲ್ಲು ಆರಿಸ್ದಂಗೆ?”

“ಹಾಗೇ ಅಂದ್ಕೊಳ್ಳಿ. ಕಲ್ಲು ಮಾತ್ರ ಅವನಿಗೆ. ಆದರೆ ಒಂದು ಮಾತು. ಅವನ ಹೃದಯ ಗಟ್ಟಿ ಇಲ್ಲ. ಮೂರನೇ ಸುತ್ತು ತಡ್ಕೊಳ್ತಾನೆ ಅಂತ ನಾನು ಭರವಸೆ ಕೊಡಲಾರೆ. ನೀವು ಸಾಕು ಅಂದ್ರೆ...”

“ನಾನು ಅನ್ನಕಿಲ್ಲ,” ಎಂದು ಜವರಪ್ಪ ಮಾತು ಮುಗಿಸಿದ್ದರು.

ಅವರ ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇತ್ತು. ಅದಕ್ಕೆ ಕಾರಣವೂ ಇತ್ತು.

ಯಾರೋ ಗರಡಿಯ ಬಾಗಿಲಲ್ಲಿ ಬಿಟ್ಟುಹೋದ ಕಂದು ಬಣ್ಣದ ಮರಿ ಅದು. ಬಂದ ದಿನವೇ ಹುಡುಗನೊಬ್ಬನ ಲಂಗೋಟಿಯ ತುದಿ ಕಚ್ಚಿ, ಎಳೆದರೂ ಬಿಡದೆ ಜೋತಾಡಿತು. ‘ಒಳ್ಳೇ ಪಟ್ಟು ಹಾಕ್ತದಲ್ಲಪ್ಪಾ’ ಎಂದು ಎಲ್ಲರೂ ನಕ್ಕರು. ಪಟ್ಟು ಎಂಬ ಹೆಸರೇ ನಿಂತಿತು. ಮದುವೆ ಮಕ್ಕಳೆಂಬ ಗೋಜಿಗೆ ಹೋಗದೆ ಗರಡಿಯ ಕೆಮ್ಮಣ್ಣನ್ನೇ ಕಟ್ಟಿಕೊಂಡಿದ್ದ ಜವರಪ್ಪನವರಿಗೆ ಅದು ಮಗನಿಗಿಂತ ಹೆಚ್ಚಾಯಿತು. ಬಾದಾಮಿ ಹಾಲಿನಲ್ಲಿ ಅದಕ್ಕೂ ಪಾಲು, ಅವರ ಚಾಪೆಯಲ್ಲಿ ಅದಕ್ಕೂ ಜಾಗ. ಪಟ್ಟುವಿನಿಂದ ಗರಡಿಗೆ ಇದ್ದ ಉಪದ್ರವ ಒಂದೇ. ಕುಸ್ತಿಯ ಕಣಕ್ಕೆ ಇಳಿದ ಪೈಲ್ವಾನರು ತೊಡೆ ತಟ್ಟಿ ಎದುರಾಳಿಯನ್ನು ಕರೆಯುವುದು ಪದ್ಧತಿಯಷ್ಟೆ? ಉಸ್ತಾದರು ತೊಡೆ ತಟ್ಟಿದರೆ ಸಾಕು, ಅದು ಎಲ್ಲಿದ್ದರೂ ಓಡಿಬಂದು ಅವರ ಮಂಡಿಗೆ ತಲೆ ತಿಕ್ಕುತ್ತ ನಿಲ್ಲುತ್ತಿತ್ತು. ಬೇರೆ ಯಾರು ತಟ್ಟಿದರೂ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ‘ನನ್ನ ಜೋಡಿ ಕಣ್ಲಾ ಇದು’ ಎಂದು ಜವರಪ್ಪ ಬೀಗುತ್ತಿದ್ದರು.

ಲೋಹಿತನದು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ತಾನಾಗಿ ಓಡುವ ಗಾಡಿಗಳು ಇಂಥ ಸಂದಿಯಲ್ಲಿ ಹಸು ಕಂಡೊಡನೆ ನಿಂತುಬಿಡುತ್ತವೆಂದು ಅವನು ಕೈಯಲ್ಲಿ ಓಡಿಸುವ ಹಳೆಯ ವ್ಯಾನು ಇಟ್ಟುಕೊಂಡಿದ್ದ. ಮದುವೆಯ ದಿನಗಳಲ್ಲಿ ಅವನ ವೇಗಕ್ಕೆ ಬೀದಿಯ ಹೆಂಗಸರು ರಂಗೋಲಿ ಬಿಟ್ಟು ಜಗಲಿಗೆ ಹಾರುತ್ತಿದ್ದರು. ಜವರಪ್ಪ ಹೇಳಿ ನೋಡಿದರು, ಗದರಿ ನೋಡಿದರು. ಅವನು ಹಾರ್ನ್ ಹೊಡೆದು ಹೋಗುತ್ತಿದ್ದ.

ಆ ಬೆಳಿಗ್ಗೆ ವ್ಯಾನು ಬೀದಿಯ ತಿರುವಿನಲ್ಲಿ ಕಾಣಿಸಿದಾಗ ಜವರಪ್ಪ ಗರಡಿಯ ಮುಂದೆ ಮೈಗೆ ಎಣ್ಣೆ ತಿಕ್ಕುತ್ತ ನಿಂತಿದ್ದರು. ಸಿಟ್ಟು ನೆತ್ತಿಗೇರಿತು. ರಸ್ತೆಯ ಅಂಚಿಗೆ ಬಂದು, ಬಲಗೈ ಎತ್ತಿ, ತೊಡೆ ತಟ್ಟಿ, “ಬಾರ್ಲಾ ಮಗನೇ! ಇವತ್ತು ಒಂದು ಕೈ ನೋಡೇಬುಡ್ತೀನಿ!” ಎಂದು ಕೂಗಿದರು. ವ್ಯಾನು ನಿಲ್ಲಲಿಲ್ಲ. ಎಲ್ಲಿತ್ತೋ ಏನೋ, ಎದುರಿನ ಹಾಲಿನ ಅಂಗಡಿಯ ಕಡೆಯಿಂದ ಪಟ್ಟು ಚಿಮ್ಮಿ ಬಂತು. ಚಕ್ರ ಅದರ ಸೊಂಟದ ಮೇಲೆ ಹತ್ತಿ ಇಳಿಯಿತು. ಹಸಿ ಸೌದೆ ಸೀಳಿದಂಥ ಸದ್ದು.

ಮುಂದಿನದು ಜವರಪ್ಪನವರಿಗೆ ಸರಿಯಾಗಿ ನೆನಪಿಲ್ಲ. ನಿಂತ ವ್ಯಾನಿನ ಬಾಗಿಲು ಕಿತ್ತು ಲೋಹಿತನನ್ನು ಹೊರಗೆಳೆದದ್ದು, ಅವನ ತೋಳನ್ನು ಬೆನ್ನ ಹಿಂದೆ ತಿರುಚಿದಾಗ ಹೆಗಲ ಕೀಲು ಲಟಕ್ಕೆಂದದ್ದು, ಮುಖವನ್ನು ಡಾಂಬರಿಗೆ ಒತ್ತಿ ತಿಕ್ಕಿದ್ದು ಮಸುಕು ಮಸುಕಾಗಿ ಗೊತ್ತು. ಬೆನ್ನು ನೆಲಕ್ಕೆ ತಾಗಿದವನ ಮೇಲೆ ಕೈ ಮಾಡಬಾರದು ಎಂದು ಜೀವಮಾನವಿಡೀ ಹೇಳಿಕೊಟ್ಟ ಉಸ್ತಾದರು ಅಂದು ನೆಲಕ್ಕೆ ಬಿದ್ದವನ ಪಕ್ಕೆಗೆ ಒದೆಯುತ್ತಲೇ ಇದ್ದರು. ಶಿಷ್ಯರು ಐದಾರು ಮಂದಿ ಸೇರಿ ಬಿಡಿಸಬೇಕಾಯಿತು. ಅವರು ತಿರುಗಿ ನೋಡುವ ಹೊತ್ತಿಗೆ ಪಟ್ಟುವಿನ ಉಸಿರು ನಿಂತಿತ್ತು. ಅವರ ಹಿಮ್ಮಡಿಯಿಂದ ಒಂದು ಮಾರು ದೂರದಲ್ಲಿ ಅದು ಕತ್ತು ಚಾಚಿ ಬಿದ್ದಿತ್ತು.

“ನಂಗೆ ಗಾಡಿ ಗುದ್ದತದೆ ಅಂತ ಅಡ್ಡ ಬಂದು ಪ್ರಾಣ ಕೊಡ್ತು ಸ್ವಾಮಿ,” ಎಂದು ಅವರು ನ್ಯಾಯಾಲಯದಲ್ಲಿ ಹೇಳಿದಾಗ ಅಲ್ಲಿದ್ದವರ ಕಣ್ಣುಗಳು ಒದ್ದೆಯಾಗಿದ್ದವು. ಊರೆಲ್ಲ ಅದನ್ನೇ ಹೇಳಿತು. ಜವರಪ್ಪನವರೂ ಅದನ್ನೇ ನಂಬಿದ್ದರು.

ಈಗ ಮೊದಲ ಸುತ್ತು ಮುಗಿದಿತ್ತು. ಲೋಹಿತ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದ.

“ತಪ್ಪಾಯ್ತು ಸಾರ್,” ಎಂದು ತೊದಲಿದ. “ಜೋರಾಗಿ ಓಡಿಸ್ದೆ. ನಂದೇ ತಪ್ಪು. ಸಾಕು ಅನ್ನಿ ಸಾರ್.”

ಜವರಪ್ಪ ಅಡ್ಡಡ್ಡ ತಲೆಯಾಡಿಸಿದರು. ಇಂದುಮತಿ ಅವರ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಗುಂಡಿ ಒತ್ತಿದರು. ಕಾನೂನು ಅವರ ಕೈಯನ್ನೂ ಕಟ್ಟಿತ್ತು.

ಎರಡನೆಯ ಸುತ್ತು ಮೊದಲನೆಯದಕ್ಕಿಂತ ಘೋರವಾಗಿತ್ತು. ಇನ್ನೇನು ಬರಲಿದೆಯೆಂದು ಮೈಗೆ ಆಗಲೇ ಗೊತ್ತಿತ್ತಲ್ಲ. ಸೊಂಟದ ಮೇಲೆ ಚಕ್ರ ಹತ್ತುವ ಮೊದಲೇ ಅವನು ಕಿರುಚತೊಡಗಿದ. ಹತ್ತಿದಾಗ ಕಿರುಚಾಟ ನಿಂತು, ಬಾಯಿ ಮಾತ್ರ ತೆರೆದುಕೊಂಡಿತು. ಮೂಗಿನಿಂದ ರಕ್ತ ಸುರಿಯಿತು. ಹೆಗಲ ಹಳೆಯ ಗಾಯ ಚರ್ಮದ ಪಟ್ಟಿಗೆ ಉಜ್ಜಿ ಉಜ್ಜಿ ಬಿರಿಯಿತು. ಸೊಂಟದ ಕೆಳಗೆ ಕಾಲುಗಳು ಸತ್ತಂತೆ ನೇತಾಡುತ್ತಿದ್ದವು.

“ಪೈಲ್ವಾನ್ರೇ, ಹೃದಯ ಲಯ ತಪ್ತಾ ಇದೆ,” ಎಂದರು ಇಂದುಮತಿ. “ಒಂದು ಮಾತು ಹೇಳಿ. ನಿಮ್ಮ ಕಾಲು ಹಿಡೀತೀನಿ.”

“ನನ್ನ ಮಗ ಸಾಯೋವಾಗ ಯಾರಮ್ಮ ಸಾಕು ಅಂದೋರು?”

ಜವರಪ್ಪ ಎದ್ದು ನಿಂತರು. ಇಷ್ಟಾದರೂ ಎದೆಯ ಉರಿ ಎಳ್ಳಷ್ಟೂ ಇಳಿದಿರಲಿಲ್ಲ, ಬದಲಿಗೆ ಏರುತ್ತಿತ್ತು. ಅದೇ ಅವರಿಗೆ ತಿಳಿಯದ ಒಗಟಾಗಿತ್ತು. ಎದುರಿಗಿದ್ದವನನ್ನು ಇನ್ನೊಮ್ಮೆ ಕೈಯಾರೆ ಮುರಿಯಬೇಕೆನಿಸಿತು. ಜನ್ಮದ ಅಭ್ಯಾಸ ಎಲ್ಲಿಗೆ ಹೋದೀತು? ಬಲಗೈ ತಾನಾಗಿ ಮೇಲೆದ್ದು ತೊಡೆಯ ಮೇಲೆ ಬಿತ್ತು.

ಫಟ್ಟೆಂಬ ಸದ್ದು ಕೋಣೆಯ ಗೋಡೆಗೆ ಬಡಿಯಿತು.

“ಏಳ್ಲಾ! ಎದ್ದು ಬಾರ್ಲಾ!”

ಲೋಹಿತನ ನರಳಾಟ ನಿಂತಿತು. ತಲೆ ಥಟ್ಟನೆ ಮೇಲೆದ್ದಿತು. ಆ ರಕ್ತಸಿಕ್ತ ಮುಖದ ಮೇಲೆ ಮೂಡಿದ್ದನ್ನು ಕಂಡು ಇಂದುಮತಿಯ ಕೈ ಗುಂಡಿಯ ಮೇಲೇ ನಿಂತುಹೋಯಿತು. ಅದು ಸಂತೋಷ. ಶಾಲೆ ಬಿಟ್ಟಾಗ ಮಕ್ಕಳ ಮುಖದಲ್ಲಿ ಕಾಣುತ್ತದಲ್ಲ, ಅಂಥದು. ಅವನು ಮೈಯೆಲ್ಲ ಕೊಸರಿ ಮುಂದಕ್ಕೆ ಬಿದ್ದ. ಒಂದು ಪಟ್ಟಿಯ ಕೊಂಡಿ ಕಿತ್ತುಬಂತು, ಕುರ್ಚಿ ಮಗುಚಿತು, ಇನ್ನೊಂದು ಪಟ್ಟಿಯಿಂದ ಕೈ ಚರ್ಮ ಸುಲಿದುಕೊಂಡೇ ಹೊರಬಂತು. ಮೊಣಕೈ ಊರಿ, ಸತ್ತ ಕಾಲುಗಳನ್ನು ಎಳೆದುಕೊಂಡು, ನೆಲದ ಮೇಲೆ ರಕ್ತದ ಗೆರೆ ಬಿಡುತ್ತ ಅವನು ಜವರಪ್ಪನವರ ಕಡೆಗೆ ತೆವಳಿದ. ಪ್ರತಿ ಎಳೆತಕ್ಕೂ ಗಂಟಲಲ್ಲಿ ಕುಂಯ್ ಎಂಬ ಸ್ವರ. ಹತ್ತಿರ ಬಂದು, ಕತ್ತು ಚಾಚಿ, ಅವರ ಮಂಡಿಗೆ ತಲೆ ತಿಕ್ಕಿದ.

ಜವರಪ್ಪ ತಮ್ಮ ಬಲಗೈಯನ್ನು ನೋಡಿಕೊಂಡರು. ಅಂಗೈ ಇನ್ನೂ ಉರಿಯುತ್ತಿತ್ತು.

“ಸಾಕು,” ಎಂದು ಪಿಸುಗುಟ್ಟಿದರು. ಆಮೇಲೆ ಕೋಣೆ ಅದುರುವಂತೆ ಅರಚಿದರು: “ಸಾಕು! ನಿಲ್ಸಮ್ಮ, ಸಾಕು!”

ಯಂತ್ರ ನಿಂತಿತು. ಲೋಹಿತ ಮಾತ್ರ ತಲೆ ತೆಗೆಯಲಿಲ್ಲ. ತಾನು ಯಾರೆಂಬುದು ಮೆಲ್ಲಗೆ ನೆನಪಾದವನಂತೆ ಮಾತಾಡಿದ.

“ಸಾರ್, ಅದು ನನ್ ಗಾಡೀನ ನೋಡ್ಲೇ ಇಲ್ಲ. ನಿಮ್ನ ನೋಡ್ತು. ನೀವು ಕರೆದ್ರಿ.”

“ನಾನು ನಿನ್ನ ಕರೆದಿದ್ದು ಕಣಪ್ಪ.”

“ಅದಕ್ಕೆ ಹೆಂಗೆ ಗೊತ್ತಾಗ್ಬೇಕು ಸಾರ್? ಗಾಡಿ ಹತ್ತಿದ ಮೇಲೂ ಅದು ಎಳ್ಕೊಂಡು ಎಳ್ಕೊಂಡು ಬಂತು. ನೀವು ನನ್ನ ಹೊಡೀತಾ ಇದ್ರಿ. ನಿಮ್ ಬೆನ್ನೇ ಕಾಣಿಸ್ತಿತ್ತು. ಕೊನೇವರೆಗೂ ಅದೇ. ಇನ್ನೊಂಚೂರು, ಇನ್ನೊಂಚೂರು ಹೋಗ್ಬೇಕು ಅಂತ.” ಅವನು ಬಿಕ್ಕಿದ. “ಸೊಂಟದ ನೋವು ಹೆಂಗೋ ತಡೀಬೋದು ಸಾರ್. ನೀವು ತಿರುಗ್ಲಿಲ್ಲ ಅನ್ನೋದನ್ನ ತಡಿಯೋಕಾಗಲ್ಲ.”

ಜವರಪ್ಪ ಗೋಡೆಗೊರಗಿ ನೆಲಕ್ಕೆ ಕುಳಿತರು. ಇಷ್ಟು ವರ್ಷ ಯಾವ ಪೈಲ್ವಾನನೂ ನೆಲಕ್ಕೆ ತಾಗಿಸದ ಮೈ ಅದು. ಲೋಹಿತನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಅವನ ಕಿವಿಯ ಹಿಂದೆ ಬೆರಳಾಡಿಸತೊಡಗಿದರು. ಅಂದು ಡಾಂಬರಿನ ಮೇಲೆ ಮಾಡಬೇಕಾಗಿದ್ದದ್ದು ಅದೊಂದೇ ಕೆಲಸ. ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದರು.

“ಬಂದ್ಯಾ ಮಗಾ,” ಎಂದರು. “ಬಂದ್ಯಾ.” ಆಮೇಲೆ ಎದೆಯೊಡೆದು ಅತ್ತರು.

ಇಂದುಮತಿ ಟೋಪಿಯನ್ನು ಕೈಗೆತ್ತಿಕೊಂಡು ಪಕ್ಕದಲ್ಲೇ ನೆಲದ ಮೇಲೆ ಕುಳಿತರು.

“ಕಲ್ಲು ಆರಿಸ್ತೀನಿ ಅಂದಿದ್ದೆ,” ಎಂದು ಮೆಲ್ಲಗೆ ಹೇಳಿದರು. “ಮನುಷ್ಯರಲ್ಲಿ ನೋವು ಬೇರೆ, ಪ್ರೀತಿ ಬೇರೆ ಇರ್ಬಹುದು. ಈ ನಾಯಿಯಲ್ಲಿ ಎರಡೂ ಒಂದೇ ನರದಲ್ಲಿ ಹರಿದಿವೆ. ನನಗೆ ಗೊತ್ತಾಗಲಿಲ್ಲ.”

“ಇನ್ನೊಂದು ಸುತ್ತು ಉಳ್ಕಂಡದಲ್ಲ ಡಾಕ್ಟ್ರಮ್ಮ?” ಜವರಪ್ಪ ಮುಖ ಒರೆಸಿಕೊಂಡರು. “ಅದನ್ನ ನಂಗೆ ಹಾಕಿ.”

“ಆಗಲ್ಲ ಪೈಲ್ವಾನ್ರೇ. ಕಾನೂನಲ್ಲಿ ಗಾಡಿ ಓಡಿಸಿದವರಿಗೆ ಮಾತ್ರ ಶಿಕ್ಷೆ.”

“ಹಂಗಾದ್ರೆ ನಿಮ್ ಕಾನೂನು ಅರ್ಧ ಬೀದಿ ಮಾತ್ರ ನೋಡ್ತದೆ ಕಣಮ್ಮ,” ಎಂದರು ಜವರಪ್ಪ.

ಯಂತ್ರವನ್ನು ಪರೀಕ್ಷಿಸಿದ ಸಮಿತಿಯವರು ಇದೊಂದು ಸಣ್ಣ ಶೋಧನದೋಷ, ಸರಿಪಡಿಸಬಹುದು ಎಂದು ತೀರ್ಮಾನಿಸಿದರು. ಸಮಿತಿಗಳಿಗೆ ಎಲ್ಲವೂ ಸರಿಪಡಿಸಬಹುದಾದ ದೋಷವೇ. ಆದರೆ ಶಿಕ್ಷೆ ಮುಗಿಸಿ ಹೋದ ಚಾಲಕರು ಬೇರೆ ಬೇರೆ ಊರುಗಳಲ್ಲಿ, ತಾವು ಕೊಂದ ಪ್ರಾಣಿಯ ಮನೆಯ ಗೇಟಿನ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದಾರೆಂಬ ದೂರುಗಳು ಆಗಲೇ ಬರತೊಡಗಿದ್ದವು. ಕೆಲವರನ್ನು ಮನೆಯವರು ಕಲ್ಲು ಹೊಡೆದು ಓಡಿಸಿದರು. ಮರುದಿನ ಅವರು ಮತ್ತೆ ಬಂದರು.

ಜವರಪ್ಪನವರ ಗರಡಿಯಲ್ಲಿ ಈಗ ಯಾರೂ ತೊಡೆ ತಟ್ಟುವುದಿಲ್ಲ. ಎದುರಾಳಿಯನ್ನು ಹೆಸರು ಹಿಡಿದು ಕರೆಯಬೇಕೆಂದು ಉಸ್ತಾದರ ಅಪ್ಪಣೆ. ಹೊಸ ಹುಡುಗರು ಇದೆಂಥ ಗರಡಿಯೆಂದು ಒಳಗೊಳಗೇ ನಗುತ್ತಾರೆ.

ಒಂದು ಬೆಳಿಗ್ಗೆ ಸಾಮು ಮುಗಿಸಿ ಹೊರಬಂದಾಗ ಜವರಪ್ಪ ಅವನನ್ನು ಕಂಡರು. ಎದುರಿನ ಹಾಲಿನ ಅಂಗಡಿಯ ಪಕ್ಕದಲ್ಲಿ ಲೋಹಿತ ನಿಂತಿದ್ದ, ಗಾಡಿ ತಂದಿರಲಿಲ್ಲ. ಹೆಗಲಿಗೆ ಇನ್ನೂ ಪಟ್ಟಿ ಇತ್ತು. ಯಾಕೆ ಬಂದೆನೆಂದು ಅವನಿಗೇ ಗೊತ್ತಿರಲಿಲ್ಲವೆಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನ ಕಣ್ಣು ಅವರ ಮೇಲೆಯೇ ಇತ್ತು, ರಸ್ತೆಯ ಮೇಲಿರಲಿಲ್ಲ.

ಜವರಪ್ಪನವರ ಕೈ ಅರ್ಧಕ್ಕೆ ಏಳುತ್ತಲೇ ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ತಿರುವಿನಲ್ಲಿ ಬರುತ್ತಿದ್ದ ಒಂದು ಸ್ಕೂಟರು ದಾಟಿ ಹೋಗುವ ತನಕ ಕಾದರು. ಬೀದಿ ಪೂರ್ತಿ ಬರಿದಾದ ಮೇಲೆ, “ಲೋಹಿತಾ, ಬಾರಪ್ಪ,” ಎಂದು ಕರೆದರು.