ಭಾನುವಾರದ ಲ್ಯಾಪ್‌ಟಾಪ್

"ಕೊಂದಿದ್ದು ನಾನಲ್ಲ, ನಮ್ಮವ್ವ," ಎಂದಳು ಆಶಾರಾಣಿ, ಬಸ್ಸಿನಿಂದ ಇಳಿದವಳೇ.

ಅವಳ ಚೀಲದಲ್ಲಿದ್ದದ್ದು ನಮ್ಮ ಲ್ಯಾಪ್‌ಟಾಪ್. 'ನಮ್ಮ' ಎಂಬ ಪದವನ್ನು ಎಚ್ಚರದಿಂದಲೇ ಬಳಸುತ್ತಿದ್ದೇನೆ. ಎಂ.ಎಸ್ಸಿ. ಮುಗಿಸಿದ 2007ರಲ್ಲಿ, ಉಪನ್ಯಾಸಕರ ಪರೀಕ್ಷೆಗೆ ಓದಲೆಂದು ಸಹಪಾಠಿಗಳಾದ ನಾವಿಬ್ಬರೂ ಸೇರಿ ಅದನ್ನು ಕೊಂಡಿದ್ದೆವು. ಒಂದು ವಾರ ಹೊಳೆನರಸೀಪುರದ ನಮ್ಮ ಮನೆಯಲ್ಲಿ, ಮರುವಾರ ಹಿರೀಸಾವೆಯ ಅವಳ ಮನೆಯಲ್ಲಿ. ಹಸ್ತಾಂತರ ಭಾನುವಾರ, ಹಾಸನದ ಬಸ್ ನಿಲ್ದಾಣದಲ್ಲಿ. ನನ್ನ ತಂದೆ ಅರ್ಚಕರು, ಅವಳ ತಂದೆ ಬೇಸಾಯಗಾರರು. ನಾವು ಭೇಟಿಯಾಗಲು ಮನೆಯಲ್ಲಿ ಹೇಳಬಹುದಾದ ಕಾರಣ ಈ ಯಂತ್ರವೊಂದೇ.

"ಆಯುಧಪೂಜೇಲಿ ಟ್ರ್ಯಾಕ್ಟರ್ ಪಕ್ಕ ಇಟ್ಟು, ಕುಂಕುಮ ಹಚ್ಚಿ, ಮೇಲೆ ನೀರು ಚಿಮುಕ್ಸವ್ಳೆ ಕಣ್ರೀ."

"ತೆರೆದಿಟ್ಟಿದ್ದರೇ?"

"ಮುಚ್ಚಿದ್ರೆ ದೇವ್ರಿಗೆ ಕಾಣಲ್ವಂತೆ."

ನನಗೆ ಸಿಟ್ಟು ಬರಬೇಕಿತ್ತು. ಅವಳು ತುಟಿ ಕಚ್ಚಿ ನಗು ತಡೆಯುತ್ತ, ರೆಪ್ಪೆಯಡಿಯಿಂದಲೇ ನನ್ನ ಮುಖವನ್ನು ಓದುತ್ತಿದ್ದಳು. "ಟ್ರ್ಯಾಕ್ಟರ್‌ಗೇನೂ ಆಗಿಲ್ಲ," ಎಂದು ಸಮಾಧಾನವನ್ನೂ ಹೇಳಿದಳು.

ವಾರಂಟಿ ಹಿಂದಿನ ತಿಂಗಳೇ ಮುಗಿದಿತ್ತು. ಆದ್ದರಿಂದ ರಿಪೇರಿ ಅಂಗಡಿಯ ತಮ್ಮಯ್ಯನವರ ಬಳಿಗೆ ಹೋದೆವು. ಅವರು ಅದನ್ನು ಬಿಚ್ಚಿ, ಕುಂಕುಮ ಮೆತ್ತಿದ ಫ್ಯಾನ್ ನೋಡಿ, ಮೊದಲು ಕೈ ಮುಗಿದರು.

"ಬೋರ್ಡು ಸುಟ್ಟೋಗೈತೆ ಸಾ. ಇದಕ್ಕೆ ಖರ್ಚು ಮಾಡೋ ಬದ್ಲು ಹೊಸದೇ ತಗಳಿ. ಹಾರ್ಡ್ ಡಿಸ್ಕ್ ಚೆನ್ನಾಗೈತೆ. ನಿಮ್ಮ ನೋಟ್ಸೆಲ್ಲ ಸಿ.ಡಿ.ಗೆ ಹಾಕ್ಕೊಡ್ತೀನಿ, ಇಬ್ರಿಗೂ ಒಂದೊಂದು. ಇನ್ನು ಓಡಾಡೋ ತಾಪತ್ರಯ ಇರಕಿಲ್ಲ."

ತಾಪತ್ರಯ! ನಾನು ಕುರ್ಚಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಕೈಗೆ ಕೆಲಸ ಬೇಕಾಗಿ, ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಗಾತ್ರಕ್ಕನುಗುಣವಾಗಿ ಸಾಲಾಗಿ ಜೋಡಿಸತೊಡಗಿದೆ.

"ಸತ್ತೋಗಿರೋದರ ಸ್ಕ್ರೂನೂ ಜೋಡಿಸ್ತೀರಾ ಮೇಷ್ಟ್ರೇ?" ಆಶಾ ಕಿರುಬೆರಳಿನಿಂದ ಸಾಲನ್ನು ಕೆಡಿಸಿದಳು. ನಾನು ಮತ್ತೆ ಜೋಡಿಸಿದೆ. ಅವಳು ಮತ್ತೆ ಕೆಡಿಸಿದಳು. ಮೂರನೆಯ ಸಲ ನಮ್ಮ ಬೆರಳುಗಳು ತಗುಲಿದವು. ಇಬ್ಬರೂ ಅವಸರವಾಗಿ ತಮ್ಮಯ್ಯನವರ ಕಡೆಗೆ ನೋಡಿದೆವು.

ನಿಲ್ದಾಣಕ್ಕೆ ಮರಳುವಾಗ ಅವಳ ಪಾಲಿನ ಸಿ.ಡಿ. ಪುಸ್ತಕದ ನಡುವೆ ಸೇರಿತ್ತು. ಹಿರೀಸಾವೆಯ ಬಸ್ಸು ಆಗಲೇ ಗುರುಗುಡುತ್ತಿತ್ತು.

"ಹಂಗಾದ್ರೆ ಬರ್ಲಾ?"

"ಹಳೆಯದೊಂದು ಎಲ್ಲಾದರೂ ಸಿಗಬಹುದು. ಮತ್ತೆ ಇಬ್ಬರೂ ಸೇರಿ…"

"ಯಾಕೆ? ನಾನು ಪಾಠ ಮಾಡೋ ಸ್ಕೂಲಲ್ಲಿ ಕಂಪ್ಯೂಟರ್ ಐತಲ್ಲ."

"ಅದರಲ್ಲಿ ವೈರಸ್ ಇರಬಹುದು."

"ನೀವು ನೋಡಿದ್ದೀರಾ?"

"ಇಲ್ಲ. ಸಾಧ್ಯತೆ ಹೇಳಿದೆ."

ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನತ್ತ ತಿರುಗಿದಳು. ಈಗ ಅವಳ ಕಣ್ಣಿನಲ್ಲಿ ನಗುವಿರಲಿಲ್ಲ.

"ಆತ್ರೇಯ ಅವ್ರೇ, ನಿಜ ಹೇಳಿ. ನಿಮಗೆ ಲ್ಯಾಪ್‌ಟಾಪ್ ಬೇಕೇ ಬೇಕಾ?"



"ಬೇಡ," ಎಂದೆ. "ಭಾನುವಾರ ಬೇಕು."

ಕಂಡಕ್ಟರ್ ಒಂದೇ ಸಮನೆ ಸೀಟಿ ಊದುತ್ತಿದ್ದ. ಅವಳ ಕಿವಿಯ ತುದಿ ಕೆಂಪಗಾಯಿತು. ಸೆರಗನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿ, ನನಗಷ್ಟೇ ಕೇಳುವಂತೆ ಅಂದಳು:

"ಬರೀ ಭಾನುವಾರ ಸಾಕಾ?"

"ಸಾಲದು."