ಆಫ್ ಆಗಬಾರದ ಮಷೀನು

ಕರೆಂಟ್ ಹೋಯಿತು.

ಹೋಗಲಿಲ್ಲ, ತೆಗೆದರು! ಕೆಳಗಿನ ಮೀಟರ್ ಬೋರ್ಡಿನಿಂದ ಫ್ಯೂಜ್ ಕಿತ್ತ ಸದ್ದು ನನ್ನ ಕಿವಿಗೇ ಬಿತ್ತು. ಎದುರಿನ ಬೀಜದ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ನನ್ನ ರೂಮಿನಲ್ಲಿ ಮಾತ್ರ ಎಸಿ ನಿಂತಿತು, ಯುಪಿಎಸ್ ಕೂಗತೊಡಗಿತು.

ಬೀಪ್... ಬೀಪ್...

ರಾಣೆಬೆನ್ನೂರು. ಮಧ್ಯಾಹ್ನ ಒಂದೂ ಹತ್ತು. ಟೇಬಲ್ ಮೇಲೆ ಬುತ್ತಿ ಡಬ್ಬಿ ಬಿಚ್ಚದೆ ಕೂತಿತ್ತು.

ಸ್ಕ್ರೀನ್ ನೋಡಿದೆ. ಹಾವೇರಿಗೆ ನಡೆದಿದ್ದ ಮಷೀನಿನ ಸಾಗಣೆ ಮೂವತ್ತೆಂಟು ಪರ್ಸೆಂಟಿಗೆ ನಿಂತುಬಿಟ್ಟಿತ್ತು, ಮಷೀನು ಇನ್ನೂ ಇಲ್ಲೇ ಓಡುತ್ತಿತ್ತು. ಕಿಟಕಿಯಿಂದ ಬಗ್ಗಿದೆ. ಇಂಟರ್ನೆಟ್ ಕೇಬಲ್ ತುಂಡಾಗಿ ಗೋಡೆಗೆ ಜೋತುಬಿದ್ದಿತ್ತು. ಅದರ ಕೆಳಗೆ ಒಬ್ಬ ಕಟ್ಟಿಂಗ್ ಪ್ಲೇಯರ್ ಹಿಡಿದುಕೊಂಡು ನನ್ನನ್ನೇ ನೋಡಿ ನಗುತ್ತಿದ್ದ.

ಫಕ್ಕೀರೇಶ! ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಮಾಲೀಕ ಹಾಲೇಶಪ್ಪನ ಬಲಗೈ.

"ಮೇಡಮ್ಮಾರ, ಕರೆಂಟ್ ಹೋತೇನ್ರಿ?"

"ಹೋತು."

"ಗೇಟ್ ತಗೀರಿ. ರಿಪೇರಿ ಮಾಡಿಕೊಡ್ತೇನಿ."

"ಅಲ್ಲೇ ನಿಂದ್ರು. ಮೊದ್ಲ ನಿನ್ನ ರಿಪೇರಿ ಮಾಡೂಣಂತ."

ನಗು ನಿಂತಿತು. ಅವನ ಹಿಂದಿದ್ದ ಇಬ್ಬರು ಜೀಪಿನಿಂದ ಸುತ್ತಿಗೆ ಇಳಿಸಿದರು. ಮೆಟ್ಟಿಲ ಬುಡದ ಕಬ್ಬಿಣದ ಗೇಟಿಗೆ ಮೊದಲ ಏಟು ಬಿತ್ತು.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ? ಸುಧಾರಾಣಿ. ನಲವತ್ನಾಲ್ಕು ವರ್ಷ. ನನ್ನದು ಹೋಸ್ಟಿಂಗ್ ಕಂಪನಿ. ರಾಣೆಬೆನ್ನೂರಿನಲ್ಲಿ ಒಂದು ರೂಮು, ಹಾವೇರಿಯಲ್ಲಿ ಒಂದು. ಎರಡಕ್ಕೂ ನಾನೇ ಮಾಲೀಕಳು, ನಾನೇ ಇಂಜಿನಿಯರ್, ಕಸ ಹೊಡೆಯುವವಳೂ ನಾನೇ.

ಇದು ಬಾಡಿಗೆ ಮನೆ ವ್ಯವಹಾರ ಇದ್ದಂತೆ. ಒಂದು ದೊಡ್ಡ ಸರ್ವರ್ ಒಳಗೆ ಹತ್ತಾರು ಕಂಪ್ಯೂಟರ್‌ಗಳನ್ನು ಸಾಕುತ್ತೇವೆ. ವರ್ಚುವಲ್ ಮಷೀನು, ಬಾಯಿಮಾತಿನಲ್ಲಿ ವಿಎಂ. ಅವಕ್ಕೆ ಮೈಯಿಲ್ಲ, ಬರೀ ಜೀವ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ಸಾಗಿಸಬಹುದು, ಒಳಗಿದ್ದದ್ದಕ್ಕೆ ಗೊತ್ತೂ ಆಗುವುದಿಲ್ಲ.

ಹಾಲೇಶಪ್ಪನ ವಿಎಂ ಅಂಥದ್ದೊಂದು. ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ಯಾವಾಗ ತೆರೆಯಿತು, ಗ್ಯಾಸ್ ಎಷ್ಟು ಸೋರಿತು, ಅಲಾರಂ ಯಾರು ಬಂದ್ ಮಾಡಿದರು, ಎಲ್ಲ ಅದರಲ್ಲಿ ದಾಖಲು. ಮಾಲೀಕನೂ ಅಳಿಸಲಾರ, ಹಾಗೆ ಕಟ್ಟಿದ್ದ ನನ್ನ ಪಾರ್ಟ್ನರ್ ಶಂಭುಲಿಂಗ. "ನಮ್ಮ ಡಾಟಾ ಯಾರೂ ಕದೀಬಾರದು" ಅಂತ ಹಾಲೇಶಪ್ಪನೇ ಹಟ ಹಿಡಿದದ್ದಕ್ಕೆ ಡಿಸ್ಕಿಗೆ ಕೀಲಿಯನ್ನೂ ಹಾಕಿದ್ದ. ಮಷೀನು ಆನ್ ಆಗುವಾಗ ಪಾಸ್‌ವರ್ಡ್ ಹೊಡೆಯಬೇಕು. ಇಲ್ಲವಾದರೆ ಒಳಗಿದ್ದದ್ದು ಬೂದಿ.

ಪಾಸ್‌ವರ್ಡ್ ಗೊತ್ತಿದ್ದದ್ದು ಶಂಭು ಒಬ್ಬನಿಗೇ. ಮೂರು ವರ್ಷದ ಹಿಂದೆ ಕುಪ್ಪೇಲೂರು ಬಸ್ ಹತ್ತಿದ ಶಂಭುವಿಗೆ, ಇಳಿಸುವಾಗ ಉಸಿರಿರಲಿಲ್ಲ. ಹಾರ್ಟ್ ಅಟ್ಯಾಕ್. ಅವನ ಜೊತೆ ಪಾಸ್‌ವರ್ಡೂ ಹೋಯಿತು.

ಅಂದಿನಿಂದ ಆ ಮಷೀನು ಆಫ್ ಆಗಿಲ್ಲ. ಆಗಲು ನಾನು ಬಿಟ್ಟಿಲ್ಲ! ಒಂದು ಮದುವೆಗೆ ಹೋಗಿಲ್ಲ, ಒಂದು ಮಣ್ಣಿಗೆ ಹೋಗಿಲ್ಲ. ಗಳಗನಾಥಕ್ಕೆ ಹೋಗಿ ಹೊಳೆ ನೋಡಿ ಬರೋಣ ಅಂತ ನನಗೆ ನಾನೇ ಹೇಳಿಕೊಂಡು ಮೂರು ಬೇಸಿಗೆ ಕಳೆದವು. ದಿನಾ ಅದರ ಎದುರಿಗೇ ಕೂತು, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಕಣ್ಣು ಹಸಿರು ದೀಪದ ಮೇಲಿಟ್ಟು ಉಣ್ಣುತ್ತಿದ್ದೆ. ಊರವರು ನನಗೂ ಶಂಭುಗೂ ಏನೋ ಇತ್ತು ಅನ್ನುತ್ತಿದ್ದರು. ನನಗೆ ಇತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳುವಷ್ಟರಲ್ಲಿ ಅವನು ಇರಲಿಲ್ಲ.

ಮೂರು ತಿಂಗಳ ಹಿಂದೆ ಆ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಗ್ಯಾಸ್ ಸೋರಿತು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಮೈಲವ್ವ ಸತ್ತಳು. ಅಲಾರಂ ಬಂದ್ ಮಾಡಿ ಮಲಗಿದ್ದ ಅಂತ ಮಷೀನ್ ಆಪರೇಟರ್ ದಾದಾಸಾಬನನ್ನು ಒಳಗೆ ಹಾಕಿದರು. ಮೈಲವ್ವನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದವನೂ ಅವನೇ. ಅಲಾರಂ ನಾನು ಬಂದ್ ಮಾಡಿಲ್ಲ ಅಂತಿದ್ದ; ಅವನು ನಿಜ ಹೇಳುತ್ತಿದ್ದಾನೆ ಅನ್ನುವುದಕ್ಕೆ ಜಗತ್ತಿನಲ್ಲಿ ಇರುವುದು ಒಂದೇ ಸಾಕ್ಷಿ. ಅದು ನನ್ನ ರ‍್ಯಾಕಿನಲ್ಲಿ ಗುಂಯ್ ಅನ್ನುತ್ತಿತ್ತು.

ಕೋರ್ಟ್ ಆರ್ಡರ್ ಬೆಳಿಗ್ಗೆ ಬಂತು. ಸಂಜೆ ನಾಲ್ಕಕ್ಕೆ ಹಾವೇರಿ ರೂಮಿಗೆ ತಜ್ಞರು ಬರುತ್ತಾರೆ, ಮಷೀನು ಓಡುತ್ತಿದ್ದರೆ ಅದರ ಮೆಮೊರಿಯಿಂದ ಕೀಲಿ ತೆಗೆಯಬಹುದು. ಓಡುತ್ತಿದ್ದರೆ ಮಾತ್ರ! ಆರ್ಡರಿನ ಒಂದು ಕಾಪಿ ಹಾಲೇಶಪ್ಪನಿಗೂ ಹೋಗಿತ್ತು. ಆಫ್ ಆದರೆ ಎಲ್ಲ ಮುಗಿಯಿತು ಅಂತ ಅವನಿಗೆ ಹೇಗೆ ಗೊತ್ತು ಅಂತೀರಾ? ನಾನೇ ಹೇಳಿದ್ದೆ. 'ದಯವಿಟ್ಟು ರೀಸ್ಟಾರ್ಟ್ ಕೇಳಬೇಡಿ' ಅಂತ ಕಾರಣ ಸಮೇತ ಇಮೇಲ್ ಕಳಿಸಿದ್ದೆ. ಕಸ್ಟಮರ್ ಸರ್ವಿಸ್!

ಮೊದಲೇ ಹಾವೇರಿಗೆ ಸಾಗಿಸಬಾರದಿತ್ತೇ? ಇತ್ತು. ಎಷ್ಟೋ ಸಲ ಮೌಸ್ ಹಿಡಿದು ಬಿಟ್ಟಿದ್ದೆ. ಹೆದರಿಕೆ, ದಾರಿಯಲ್ಲೇ ಎಡವಿ ಆಫ್ ಆದರೆ? ಓಡುವಾಗ ಬೇಡವೆಂದರೆ ವಿಎಂ ಅನ್ನು ಮಲಗಿಸಿ, ಸಾಗಿಸಿ, ಎಬ್ಬಿಸಲೂಬಹುದು. ಹೋದ ವರ್ಷ ಬೇರೊಂದನ್ನು ಹಾಗೆ ಮಲಗಿಸಿದ್ದೆ, ಅದು ಏಳಲೇ ಇಲ್ಲ.

ಗೇಟಿಗೆ ಮೂರನೇ ಏಟು.

ಮೊಬೈಲ್ ನೆಟ್‌ನಲ್ಲಿ ಸಾಗಿಸಬೇಕಾದರೆ ಎರಡು ದಿನ ಬೇಕು. ಪೊಲೀಸರಿಗೆ ಫೋನ್ ಮಾಡಿದರೆ ಅವರು ಬರುವಷ್ಟರಲ್ಲಿ ಗೇಟು ಮುರಿದಿರುತ್ತಿತ್ತು. ಮುನಾಫನಿಗೆ ಮಾಡಿದೆ. ಟಾಟಾ ಏಸ್ ಓಡಿಸುವವನು, ಮೊದಲು ಹಮಾಲಿ ಮಾಡುತ್ತಿದ್ದ.

"ಮುನಾಫಣ್ಣ, ಗಾಡಿ ಎಲ್ಲೈತಿ?"

"ನಿಮ್ಮ ಹಿಂದಿನ ಸಂದ್ಯಾಗ. ಬೀಜದ ಚೀಲ ಇಳಸಾಕತ್ತೇನಿ. ಯಾಕವಾ?"

"ದಾದಾಸಾಬನ ಮಷೀನ ಹಾವೇರಿಗೆ ಒಯ್ಯಬೇಕು. ಆಫ್ ಮಾಡಲಾರದ."

"ಒಯ್ಯೂದು ತಿಳೀತು. ಆಫ್ ಮಾಡಲಾರದ ಅಂದ್ರ?"

"ಹಿಂದಿನ ಮೆಟ್ಲಾ ಹತ್ತಿ ಬಾ. ಲಗೂ!"

ಆ ಸರ್ವರ್‌ಗೆ ಎರಡು ಕರೆಂಟ್ ವಯರ್. ಒಂದು ಕಿತ್ತರೂ ಇನ್ನೊಂದರ ಮೇಲೆ ನಡೆಯುತ್ತದೆ. ರೂಮಿನ ದೊಡ್ಡ ಯುಪಿಎಸ್ ಎತ್ತಲಾಗದ್ದು. ಮೂಲೆಯಲ್ಲಿ ಸಣ್ಣದೊಂದಿತ್ತು, ಮೂವತ್ತು ಕೇಜಿ. ಒಂದು ವಯರ್ ಕಿತ್ತು ಅದಕ್ಕೆ ಚುಚ್ಚಿದೆ. ಉಸಿರು ಹಿಡಿದು ಎರಡನೆಯದನ್ನು ಕಿತ್ತೆ.

ಹಸಿರು ದೀಪ ಉರಿಯುತ್ತಲೇ ಇತ್ತು.

ಸಣ್ಣ ಯುಪಿಎಸ್‌ನ ಡಿಸ್‌ಪ್ಲೇ ಐವತ್ತೆರಡು ನಿಮಿಷ ತೋರಿಸಿತು. ಹಾವೇರಿಗೆ ಮೂವತ್ತಮೂರು ಕಿಲೋಮೀಟರು.

ಮುನಾಫ ಯುಪಿಎಸ್ಸನ್ನು ಚೀಲದಂತೆ ಬೆನ್ನಿಗೇರಿಸಿದ. ನಾನು ಸರ್ವರನ್ನು ರ‍್ಯಾಕಿನಿಂದ ಎಳೆದು ಎದೆಗೆ ಅವಚಿಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ಅದು ಜಾಗ ಬಿಟ್ಟು ಕದಲಿತು. ಅಡಿಯಲ್ಲಿ ಬೆರಳಿಗೆ ಟೇಪಿನ ಅಂಚು ತಾಗಿತು. ಕಂಪನಿಯ ಸ್ಟಿಕ್ಕರ್ ಇರಬೇಕು ಅಂದುಕೊಂಡೆ. ನಮ್ಮಿಬ್ಬರ ನಡುವೆ ಒಂದೂವರೆ ಮೀಟರ್ ವಯರ್. ಒಂದು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಕತ್ತಲು ಮೆಟ್ಟಿಲು ಇಳಿದೆವು. ಅಭ್ಯಾಸಬಲ, ಬುತ್ತಿ ಚೀಲ ಮೊಣಕೈಗೆ ಜೋತಾಡುತ್ತಿತ್ತು.

"ಸಾವಕಾಶ ಮುನಾಫಣ್ಣ! ವಯರ್ ಜಗ್ಗಾಕತ್ತೈತಿ!"

"ನೀನ ಲಗೂ ಬಾರವಾ! ನನ್ನ ಬೆನ್ನ ಜಗ್ಗಾಕತ್ತೈತಿ!"

ಬೀಪ್... ಬೀಪ್...

ಆ ಯುಪಿಎಸ್ಸಿನ ಬಾಯಿ ಮುಚ್ಚಿಸುವ ಬಟನ್ ಎಂದೋ ಕೆಟ್ಟಿತ್ತು. ಸಂದಿಯ ತುಂಬ ಅದರದೇ ಸದ್ದು. ಗಾಡಿಯ ಹಿಂದಿನ ಖಾಲಿ ಚೀಲಗಳ ಮೇಲೆ ಸರ್ವರ್ ಇಟ್ಟು ನಾನೂ ಹತ್ತುವಷ್ಟರಲ್ಲಿ ಫಕ್ಕೀರೇಶ ಮೂಲೆ ತಿರುಗಿ ಓಡಿ ಬಂದ.

"ಏ... ಹಿಡೀರಲೇ!"

ಅವನ ಕೈ ಹಿಂಬದಿಯ ಹಲಗೆ ಹಿಡಿಯಿತು. ಮೊಣಕೈಯ ಬುತ್ತಿ ಚೀಲ ಬೀಸಿದೆ. ಸ್ಟೀಲಿನ ಡಬ್ಬಿ, ನಾಲ್ಕು ಅಂತಸ್ತಿನದು. ಬೆರಳ ಮೇಲೆ ಬಿತ್ತು. ಅವನು ಕೈ ಬಿಟ್ಟ, ಮುನಾಫ ಗಾಡಿ ಬಿಟ್ಟ.

ಹೈವೇ. ಮೂವತ್ತೊಂಬತ್ತು ನಿಮಿಷ. ಹಿಂದೆ ಬಿಳಿ ಜೀಪು.

ಸರ್ವರನ್ನು ತೊಡೆಯ ಮೇಲೆ ಎತ್ತಿಕೊಂಡೆ, ಕುಲುಕಾಟ ನನ್ನ ಮೈಗೇ ಬರಲಿ ಅಂತ. ಬಿಸಿಯಾಗಿತ್ತು. ಜ್ವರ ಬಂದ ಕೂಸಿನ ಹಾಗೆ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹಾಲೇಶಪ್ಪ.

"ಸುಧಾರಾಣಿಯವರ, ಚಲೋ ಮಾತಿಲೆ ಹೇಳತೇನಿ. ಒಂದ ವಯರ್ ಕಿತ್ತಬಿಡ್ರಿ. ಗಾಡ್ಯಾಗ ತಾನ ಕಳಚಿ ಬಿತ್ತಂತ ಹೇಳಿದ್ರಾತು."

"ಆಗೂದಿಲ್ರಿ."

"ನಿಮ್ಮ ಮನ್ಯಾಗ ಯಾರ‍್ಯಾರ ಅದಾರ‍್ರೀ?"

"ಯಾರೂ ಇಲ್ರಿ. ಅದಕ್ಕ ನಿಮಗ ಹಿಡ್ಯಾಕ ಏನೂ ಸಿಗೂದಿಲ್ಲ."

ಕಟ್ ಮಾಡಿದೆ. ಗಟ್ಟಿಯಾಗಿಯೇ ಹೇಳಿದ್ದೆ. ಆಮೇಲೆ ಸರ್ವರನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡೆ.

ಜೀಪು ಪಕ್ಕಕ್ಕೇ ಬಂತು. ಒಂದು ಗುದ್ದು! ಏಸ್ ವಾಲಾಡಿತು. ವಯರ್ ಅರ್ಧ ಹೊರಬಂತು... ಅಂಗೈಯಿಂದ ಒತ್ತಿ ಹಿಡಿದೆ. ದೀಪ ಒಮ್ಮೆ ಮಿಟುಕಿತು. ಹಸಿರಾಗಿಯೇ ಉಳಿಯಿತು.

ಮುಂದೆ ಮುನಾಫ ಫೋನಿನಲ್ಲಿ ಕಿರುಚುತ್ತಿದ್ದ. "ಅಸ್ಲಮ್, ಮೋಟೆಬೆನ್ನೂರ ಕ್ರಾಸ್‌ನ್ಯಾಗ ಅದೀಯೇನು? ನಿಮ್ಮ ಮಾವನ ಮಷೀನ ತರಾಕತ್ತೇವಿ! ಹಿಂದ ಬಿಳಿ ಜೀಪ ಐತಿ!"

ಅಸ್ಲಮ್ ದಾದಾಸಾಬನ ಅಳಿಯ, ಲಾರಿ ಡ್ರೈವರ್. ಬ್ಯಾಡಗಿಯಲ್ಲಿ ಅವತ್ತು ಮಾರ್ಕೆಟ್ ದಿನ. ಮೋಟೆಬೆನ್ನೂರಿನ ಸರ್ವಿಸ್ ರೋಡಿನಲ್ಲಿ ಮೆಣಸಿನಕಾಯಿ ಲಾರಿಗಳು ಸಾಲಾಗಿ ನಿಂತಿದ್ದವು. ಮುನಾಫ ಹೈವೇ ಬಿಟ್ಟು ಆ ಸಾಲಿನ ಪಕ್ಕದ ಸಂದಿಗೆ ನುಗ್ಗಿದ. ನಾವು ದಾಟಿದ್ದೇ ತಡ, ಒಂದು ಲಾರಿ ರಿವರ್ಸ್ ಬಂದು ರಸ್ತೆಗೆ ಅಡ್ಡ ನಿಂತಿತು. ಜೀಪಿನ ಬ್ರೇಕ್ ಚೀರಿತು. ಆಮೇಲೆ ಧಡ್!

ಎರಡು ಚೀಲ ಜೀಪಿನ ಮೇಲೆ ಬಿದ್ದು ಒಡೆದವು. ಕೆಂಪು ಧೂಳು ಎದ್ದಿತು. ಫಕ್ಕೀರೇಶ ಬಾಗಿಲು ತೆರೆದು ಇಳಿದವನು ಸೀನಿದ. ಮತ್ತೆ ಸೀನಿದ. ಕಣ್ಣಿಗೆ ಕಾಣುವವರೆಗೂ ಸೀನುತ್ತಲೇ ಇದ್ದ.

ಸಂದಿಯಲ್ಲಿ ಸಿಕ್ಕಿಕೊಂಡು ನಮಗೂ ಹೊತ್ತು ಹೋಗಿತ್ತು. ಹದಿನೈದು ನಿಮಿಷ ಉಳಿದಿತ್ತು.

ಹಾವೇರಿ ಮುಟ್ಟಿದಾಗ ಬೀಪ್ ನಿಲ್ಲದೆ ಒಂದೇ ಸಮ ಕೂಗುತ್ತಿತ್ತು. ಒಂದು ನಿಮಿಷ! ನನ್ನ ರೂಮು ಝೆರಾಕ್ಸ್ ಅಂಗಡಿಯ ಹಿಂದೆ. ಬಾಗಿಲು ಒದ್ದು ಒಳಗೆ ಹೋದೆವು. ಎರಡನೇ ವಯರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಅದೇ ಹೊತ್ತಿಗೆ ಯುಪಿಎಸ್ ಕೊನೆಯುಸಿರೆಳೆಯಿತು. ಸರ್ವರ್ ಒಂದೇ ಕಾಲಿನ ಮೇಲೆ ನಿಂತಿತು.

ಮುಗಿಯಲಿಲ್ಲ. ಮೆಣಸಿನಕಾಯಿ ಧೂಳು ಒಳಗೆ ಹೊಕ್ಕು ಫ್ಯಾನ್ ಕಿರಗುಟ್ಟುತ್ತಿತ್ತು. ಎಂಬತ್ತೆಂಟು ಡಿಗ್ರಿ. ತೊಂಬತ್ತೈದಕ್ಕೆ ಮಷೀನು ತಾನಾಗಿಯೇ ಆಫ್ ಆಗುತ್ತದೆ. ಆ ರೂಮಿನ ಸರ್ವರ್‌ಗೆ ಕೇಬಲ್ ಹಾಕಿ ಸಾಗಣೆ ಶುರು ಮಾಡಿದೆ.

ಇಪ್ಪತ್ತು ಪರ್ಸೆಂಟ್. ತೊಂಬತ್ತು ಡಿಗ್ರಿ.

"ಗಾಳಿ ಹಾಕು ಮುನಾಫಣ್ಣ!"

ಅವನು ಹೆಗಲ ಟವೆಲ್ ಎರಡೂ ಕೈಯಲ್ಲಿ ಹಿಡಿದು ಬೀಸಿದ. ಅರವತ್ತು. ತೊಂಬತ್ತೆರಡು. ಎಂಬತ್ತೈದು. ತೊಂಬತ್ತನಾಲ್ಕು...

ನೂರು!

ಆ ಕಡೆಯ ಸ್ಕ್ರೀನಿನಲ್ಲಿ ವಿಎಂ ಕಣ್ಣು ಬಿಟ್ಟಿತು. ಒಂದು ಸೆಕೆಂಡಿನ ಮೂರರಲ್ಲಿ ಒಂದು ಪಾಲು ನಿಂತಿತ್ತು, ಅಷ್ಟೇ. ಮರುಕ್ಷಣವೇ ಹಳೆಯ ಸರ್ವರ್ ತಾನಾಗಿ ಆಫ್ ಆಯಿತು.

ಅದರ ಫ್ಯಾನ್ ನಿಂತಿತು. ಆ ಫ್ಯಾನಿನ ಸದ್ದಿಲ್ಲದೆ ಮೂರು ವರ್ಷದಲ್ಲಿ ಒಂದು ಹಗಲನ್ನೂ ನಾನು ಕಳೆದಿರಲಿಲ್ಲ. ಗೆದ್ದೆ ಅನ್ನಿಸಲಿಲ್ಲ. ಶಂಭು ಆನ್ ಮಾಡಿದ್ದ ಕೊನೆಯದೂ ಆರಿತು ಅನ್ನಿಸಿತು.

ಮೆಲ್ಲಗೆ ಅದನ್ನು ಬೋರಲು ಹಾಕಿದೆ, ಧೂಳು ಒರೆಸಲು. ಅಡಿಯಲ್ಲಿ ಟೇಪು. ಸ್ಟಿಕ್ಕರ್ ಅಲ್ಲ, ಟೇಪಿನ ಕೆಳಗೆ ಚೀಟಿ. ಶಂಭುನ ಕೈಬರಹ.

'ಸುಧಾ, ಮಷೀನ್ ಬದಲಿ ಮಾಡೂ ಮುಂದ ಇದನ್ನ ಹೊರಗ ಎಳೀತಿ. ಆಗ ಇದು ಬೇಕಾಗ್ತೈತಿ.'

ಅದರ ಕೆಳಗೆ ಪಾಸ್‌ವರ್ಡ್. ಇಂಗ್ಲಿಷ್ ಅಕ್ಷರಗಳು, ನಡುವೆ ಜಾಗವಿಲ್ಲ. ಮಾತು ಮಾತ್ರ ಕನ್ನಡ. ದಿನಾ ಒಂದೂವರೆಗೆ ಅವನು ನನಗೆ ಹೇಳುತ್ತಿದ್ದ ಮಾತು.

ಸುಧಾ ಉಂಡ ಬಾ ನಾ ನೋಡ್ಕೋತೇನಿ.

ಮುಟ್ಠಾಳ! ಎಲ್ಲ ಯೋಚನೆ ಮಾಡಿದ್ದ. ಆಫ್ ಆದೀತೆಂದು ಹೆದರಿ, ಮೂರು ವರ್ಷ ಅದನ್ನು ಹೊರಗೆ ಎಳೆಯದೆ ಕಾಯುತ್ತಾ ಕೂರುವ ಹುಚ್ಚಿ ಒಬ್ಬಳು ಇರುತ್ತಾಳೆ ಅನ್ನುವುದೊಂದು ಬಿಟ್ಟು! ಅತ್ತೆ. ನಾಚಿಕೆ ಬಿಟ್ಟು, ಸದ್ದು ಮಾಡಿ ಅತ್ತೆ. ಮುನಾಫ ಬೀಡಿ ಸೇದುವ ನೆವದಲ್ಲಿ ಹೊರಗೆ ಹೋದ. ದೊಡ್ಡ ಮನುಷ್ಯ.

ನಾಲ್ಕಕ್ಕೆ ತಜ್ಞರು ಬಂದರು, ಜೊತೆಗೆ ಪೊಲೀಸರು. ಪಾಸ್‌ವರ್ಡ್ ಕೊಟ್ಟೆ. ಒಳಗಿನ ಲಾಗಿನ್ನಿಗೂ ಅದೇ ನಡೆಯಿತು. ಹತ್ತು ನಿಮಿಷದಲ್ಲಿ ಎಲ್ಲ ಹೊರಗೆ ಬಂತು. ಎರಡು ದಿನ ಮೊದಲೇ ಅಲಾರಂ ಬಂದ್ ಆಗಿತ್ತು, ಹಾಲೇಶಪ್ಪನ ಸ್ವಂತ ಫೋನಿನಿಂದ. ಗ್ಯಾಸ್ ಸೋರಿದ ಮಧ್ಯಾಹ್ನ ದಾದಾಸಾಬ ಕೈಯಾರೆ ಮೂರು ಸಲ ಅಲಾರಂ ಒತ್ತಿದ್ದ. ಮೂರು ಸಲವೂ ಅದು ಕೂಗಿರಲಿಲ್ಲ.

ತಜ್ಞರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಪಾಸ್‌ವರ್ಡ್ ಇದ್ದೂ ಇಷ್ಟು ಕಷ್ಟ ಯಾಕಮ್ಮಾ ಪಟ್ರಿ?"

"ವ್ಯಾಯಾಮಕ್ಕರಿ."

ಎಲ್ಲರೂ ಹೋದ ಮೇಲೆ ಡಬ್ಬಿ ಬಿಚ್ಚಿದೆ. ಒಂದು ಅಂತಸ್ತು ನೆಗ್ಗಿತ್ತು, ಫಕ್ಕೀರೇಶನ ಬೆರಳ ಗುರುತು. ರೊಟ್ಟಿ ಬಿರುಸಾಗಿತ್ತು, ಬದನೆಕಾಯಿ ಪಲ್ಯ ಆರಿತ್ತು. ಕುರ್ಚಿ ತಿರುಗಿಸಿದೆ. ಸರ್ವರ್‌ಗೆ ಬೆನ್ನು ಮಾಡಿ ಕೂತು ಉಂಡೆ, ಎರಡೂ ಕೈ ಹಚ್ಚಿ, ಹೊಟ್ಟೆ ತುಂಬ.

ಹಿಂದೆ ದೀಪ ಹಸಿರಿತ್ತೋ ಕೆಂಪಿತ್ತೋ ನೋಡಲಿಲ್ಲ. ಆಫ್ ಆದರೇನಾಯಿತು... ಆನ್ ಮಾಡಿದರಾಯಿತು!