ನಾಟ್ರಾಂಪಾಳ್ಯಕ್ಕೆ ಹೋದ ಮಾತ್ರೆ

ಕತ್ತರಿಯ ಮೊನೆ ನನ್ನ ಕುತ್ತಿಗೆಗೆ ಒತ್ತಿತ್ತು.

ಹಿಡಿದವನು ಅಶ್ವತ್ಥಪ್ಪ. ತಳಿ ಊರಿನಲ್ಲಿ ಡಾಕ್ಟರ್ ಅಂತ ಬೋರ್ಡು ಹಾಕಿಕೊಂಡ ನಕಲಿ.

“ಪೊಲೀಸ್ ಕೆಲ್ಸ ಬಿಟ್ಟೋಳು ನೀನು. ನಿಂಗ್ಯಾಕೆ ಇದೆಲ್ಲ?”

“ಇಂದ್ರಮ್ಮಂಗೆ ಯಾವ ಮಾತ್ರೆ ಕೊಟ್ಟೆ?”

“ರಕ್ತ ನಿಲ್ಲೋದು...” ಅವನ ಕಣ್ಣು ಮೇಜಿನ ಮೇಲಿನ ಮಾತ್ರೆ ಸ್ಟ್ರಿಪ್ಪಿನತ್ತ ಹೊರಳಿತು.

ಅಷ್ಟು ಸಾಕಿತ್ತು. ಮೊಣಕಾಲಿನಿಂದ ಹೊಟ್ಟೆಗೆ ಕೊಟ್ಟೆ. ಸ್ಟ್ರಿಪ್ ಬಾಚಿಕೊಂಡು ಜೀಪು ಹತ್ತಿದೆ.

ಇಂದ್ರಮ್ಮ ಹೊಸೂರಿನಲ್ಲಿ ನನ್ನ ಪಕ್ಕದ ರೂಮಿನವಳು. ಫ್ಯಾಕ್ಟರಿ ಕೆಲಸ. ಹೋದ ವರ್ಷ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿತ್ತು. ಈಗ ಮುಟ್ಟಿನ ರಕ್ತ ನಿಲ್ಲುತ್ತಲೇ ಇರಲಿಲ್ಲ. ಗರ್ಭಕೋಶ ತೆಗೆದುಬಿಡುತ್ತಾರೆಂದು ಹೆದರಿ, ಆಸ್ಪತ್ರೆ ಬಿಟ್ಟು ಇವನ ಹತ್ತಿರ ಮಾತ್ರೆ ತೆಗೆದುಕೊಂಡು, ನಾಟ್ರಾಂಪಾಳ್ಯದ ತನ್ನ ಹಳೇ ಮನೆಗೆ ಹೋಗಿದ್ದಳು.

ಹೊಸೂರಿನಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರ್ ನಂದಿತಾಗೆ ಫೋನ್ ಮಾಡಿ ಮಾತ್ರೆಯ ಹೆಸರು ಓದಿದೆ.

“ಅದ್ರಲ್ಲಿ ಈಸ್ಟ್ರೋಜನ್ ಹಾರ್ಮೋನ್ ಇದೆ. ರಕ್ತ ಹೆಪ್ಪುಗಟ್ಟಿ ಮತ್ತೆ ಸ್ಟ್ರೋಕ್ ಆಗ್ಬಹುದು. ನುಂಗೋಕೆ ಬಿಡಬೇಡಿ.”

ಇಂದ್ರಮ್ಮನ ಫೋನಿಗೆ ಸಿಗ್ನಲ್ ಇರಲಿಲ್ಲ. ಅಂಚೆಟ್ಟಿ ದಾಟಿದ ಮೇಲೆ ಕನ್ನಡಿಯಲ್ಲಿ ಬೈಕು ಕಂಡಿತು. ಅಶ್ವತ್ಥಪ್ಪ. ತಿರುವಿನಲ್ಲಿ ಜೀಪು ಅಡ್ಡ ನಿಲ್ಲಿಸಿದೆ. ಬ್ರೇಕ್ ಹಾಕಿದವನು ಜಾರಿ ಬಿದ್ದ.

“ಆ ಸ್ಟ್ರಿಪ್ ಕೊಟ್ಬುಡು. ಇಲ್ದಿದ್ರೆ ಈ ಕಾಡಲ್ಲೇ ಹೂತಾಕ್ಬುಡ್ತೀನಿ.”

“ಹೂತಾಕು. ನನ್ನ ಕೇಳ್ಕೊಂಡು ಬರೋರು ಯಾರೂ ಇಲ್ಲ.”

ಅವನು ಏಳುವ ಮೊದಲೇ ಬೈಕಿನ ಕೀ ಕಿತ್ತು ಕಣಿವೆಗೆ ಎಸೆದೆ.

ನಾಟ್ರಾಂಪಾಳ್ಯ ಮುಟ್ಟಿದಾಗ ಇಂದ್ರಮ್ಮ ಬಾಗಿಲಲ್ಲಿ ಒಬ್ಬಳೇ ಕುಳಿತಿದ್ದಳು. ಮುಖ ಬಿಳಿಚಿತ್ತು. ಅಂಗೈಯಲ್ಲಿ ಮಾತ್ರೆ.

“ನುಂಗಿದ್ಯಾ?”

“ಇನ್ನೂ ಇಲ್ಲ ಭದ್ರಮ್ನೋರೆ. ಊಟ ಆದ್ಮೇಲೆ ಅಂದಿದ್ರು. ಒಬ್ಳಿಗೇ ಅಂತ ಒಲೆ ಹಚ್ಚಕ್ಕೆ ಮನ್ಸಾಗ್ಲಿಲ್ಲ.”

ಒಲೆ ಹಚ್ಚದ್ದರಿಂದಲೇ ಬದುಕಿ ಉಳಿದಿದ್ದಳು.

“ಕೋಶ ತೆಗ್ದುಬುಡ್ತಾರೆ...”

“ತೆಗ್ಯಲ್ಲ ಕಣೆ. ಕಾಪರ್-ಟಿ ತರದ್ದೊಂದು ಒಳಗೆ ಇಡ್ತಾರೆ. ಔಷ್ದಿ ಅದ್ರಲ್ಲೇ ಇರ್ತದೆ. ರಕ್ತ ಹೋಗೋದು ನಿಧಾನಕ್ಕೆ ಕಮ್ಮಿ ಆಗ್ತದೆ ಅಂದವ್ರೆ ಡಾಕ್ಟ್ರಮ್ಮ.”

“ನೀವು ಜೊತೇಲಿರ್ತೀರಾ?”

“ಇರ್ತೀನಿ. ಜೀಪು ಹತ್ತು.”

ಆ ಸ್ಟ್ರಿಪ್ ಠಾಣೆಗೆ ಕೊಟ್ಟ ಮೇಲೆ ಅಶ್ವತ್ಥಪ್ಪನ ಅಂಗಡಿಗೆ ಬೀಗ ಬಿತ್ತು. ನಂದಿತಾ ಎಲ್ಲ ಪರೀಕ್ಷೆ ಮಾಡಿಯೇ ಆ ಸಾಧನ ಇಟ್ಟರು. ಕೆಲವು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿಕೊಂಡು, ಆಮೇಲೆ ಸ್ರಾವ ಹತೋಟಿಗೆ ಬಂತು.

ಮರುತಪಾಸಣೆಗೆ ಹೋದಾಗ ನರ್ಸ್ ನನ್ನತ್ತ ಕೈ ತೋರಿಸಿ ಕೇಳಿದಳು.

“ಇವರು ಯಾರು?”

“ನಮ್ಮಕ್ಕ,” ಅಂದಳು ಇಂದ್ರಮ್ಮ.

ನನಗೆ ತಂಗಿ ಇಲ್ಲ. ಯಾರೂ ಇಲ್ಲ.

ಠಾಣೆಯಲ್ಲಿ ಎಷ್ಟೋ ಸುಳ್ಳು ಸಾಕ್ಷಿಗಳನ್ನು ಜಾಲಾಡಿದವಳು ನಾನು... ಇದೊಂದನ್ನು ಹಾಗೇ ಬಿಟ್ಟೆ.